ಓದುಗರ ಪ್ರಶ್ನೆ, ನಮ್ಮ ಉತ್ತರ: ಸದ್ದು ಮೊದಲು, ಅಕ್ಷರ ಆಮೇಲೆ

ಮಕ್ಕಳ ಓದು ಬರಹದ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಫೋನಿಕ್ಸ್ ಕುರಿತೇ ಇವೆ. ಅಕ್ಷರದ ಹೆಸರಿಗಿಂತ ಮೊದಲು ಅದರ ಸದ್ದು ಕಲಿಸಿ, ಸದ್ದು ಜೋಡಿಸಿ ಪದ ಓದಿಸುವ ಕ್ರಮ ಅದು. ಹುಟ್ಟಿದ್ದು ಇಂಗ್ಲಿಷಿಗಾಗಿ. ಅದನ್ನು ಕನ್ನಡದ ಮನೆಗೆ ತಂದಾಗ ಎಲ್ಲಿ ಒಗ್ಗುತ್ತದೆ, ಎಲ್ಲಿ ಒಗ್ಗುವುದಿಲ್ಲ ಎಂಬುದೇ ಹೆಚ್ಚಿನ ಪತ್ರಗಳ ತಿರುಳು. ಉತ್ತರಗಳಲ್ಲಿ ಇಂಗ್ಲಿಷ್ ಅಕ್ಷರದ ಹೆಸರನ್ನು 'ಎಸ್', 'ಪಿ' ಎಂದೂ, ಅದರ ಸದ್ದನ್ನು ಸ್, ಪ್ ಎಂದೂ ಬರೆದಿದ್ದೇವೆ.

ಮಗಳು ಯುಕೆಜಿ. ಒಂದೊಂದು ಅಕ್ಷರದ ಸದ್ದೂ ಬರುತ್ತದೆ. ಆದರೆ ಜೋಡಿಸಿ ಓದು ಅಂದರೆ 'ಪ, ಇ, ನ' ಎಂದು ಹೇಳಿ ಕೊನೆಗೆ 'ಪಯಿನ' ಅನ್ನುತ್ತಾಳೆ. 'ಪಿನ್' ಬಾಯಿಗೆ ಬರುವುದೇ ಇಲ್ಲ. ಏನು ಮಾಡಲಿ?
— ಒಬ್ಬ ತಾಯಿ, ತುಮಕೂರು

ನಿಮ್ಮ ಮಗಳು ಸರಿಯಾಗಿಯೇ ಜೋಡಿಸಿದ್ದಾಳೆ. ಪ, ಇ, ನ ಸೇರಿಸಿದರೆ 'ಪಯಿನ' ಅಲ್ಲದೆ ಬೇರೇನೂ ಬರುವುದಿಲ್ಲ. ತಪ್ಪಿರುವುದು ಅವಳಿಗೆ ಸಿಕ್ಕ ಸದ್ದಿನಲ್ಲಿ. 'ಪಿ' ಅಕ್ಷರದ ಸದ್ದು 'ಪ' ಅಲ್ಲ, 'ಪ್'. ಕನ್ನಡದಲ್ಲಿ ವ್ಯಂಜನ ಹೇಳಿದ ಕೂಡಲೇ ಅದರ ಬೆನ್ನಿಗೆ ಒಂದು 'ಅ' ತಾನಾಗಿ ಅಂಟುತ್ತದೆ. ಹೇಳಿಕೊಡುವ ದೊಡ್ಡವರ ಬಾಯಲ್ಲೂ ಅದೇ ಆಗುತ್ತದೆ. ಹಾಗಾಗಿ ಮೊದಲು ನೀವು ಸ್, ಮ್, ಪ್, ಟ್ ಎಂದು ಅರ್ಧಕ್ಕೆ ನಿಲ್ಲಿಸುವುದನ್ನು ಅಭ್ಯಾಸ ಮಾಡಿ. ನಮ್ಮ ಲಿಪಿಯಲ್ಲಿ ಅರ್ಧಾಕ್ಷರ ಬರೆಯಲು ಬರುತ್ತದೆ, ಅದೊಂದು ದೊಡ್ಡ ಅನುಕೂಲ. ಆದರೆ ಅದನ್ನು ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳಿ. ಮಗುವಿನ ಇಂಗ್ಲಿಷ್ ಪುಸ್ತಕದಲ್ಲಿ ಅಕ್ಷರದ ಕೆಳಗೆ ಕನ್ನಡ ಬರೆದರೆ ಕಣ್ಣು ಕನ್ನಡಕ್ಕೇ ಹೋಗುತ್ತದೆ.

ಸದ್ದುಗಳಲ್ಲಿ ಎರಡು ಬಗೆ. ಸ್, ಮ್, ನ್, ಲ್, ಫ್ ಇವನ್ನು ಉಸಿರಿರುವವರೆಗೂ ಎಳೆಯಬಹುದು. ಪ್, ಬ್, ಟ್, ಡ್, ಕ್, ಗ್ ಎಳೆಯಲು ಬರುವುದಿಲ್ಲ. ಎಳೆಯಹೋದರೆ 'ಅ' ನುಗ್ಗುತ್ತದೆ. ಆದ್ದರಿಂದ ಜೋಡಣೆಯನ್ನು ಎಳೆಯಬಹುದಾದ ಸದ್ದಿನಿಂದ ಶುರುವಾಗುವ ಪದಗಳಿಂದ ಆರಂಭಿಸಿ: ಸ್ಯಾಟ್, ಮ್ಯಾಟ್, ನೆಟ್, ಸನ್. 'ಸ್' ಅನ್ನು ಎಳೆಯುತ್ತಲೇ 'ಆ್ಯ'ಗೆ ಜಾರಿ, ಅಲ್ಲಿಂದ 'ಟ್'ಗೆ ಬಂದು ನಿಲ್ಲಬೇಕು. ನಡುವೆ ಉಸಿರು ಕಡಿಯಬಾರದು. ಸ್... ಆ್ಯ... ಟ್ ಎಂದು ಬಿಟ್ಟು ಬಿಟ್ಟು ಹೇಳಿಸಿದರೆ ಮೂರನೆಯ ಸದ್ದಿಗೆ ಬರುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ.

ಪ್, ಟ್, ಕ್ ಮುಂತಾದವುಗಳಿಂದ ಶುರುವಾಗುವ ಪದಕ್ಕೆ ಇನ್ನೊಂದು ದಾರಿ ಇದೆ. ಇಂಗ್ಲಿಷ್ ಪುಸ್ತಕಗಳು ಸಾಮಾನ್ಯವಾಗಿ ಪ್ + ಇನ್ ಎಂದು ಒಡೆಯುತ್ತವೆ. ನಮ್ಮ ಮಕ್ಕಳಿಗೆ ಪಿ + ನ್ ಎಂದು ಒಡೆಯುವುದು ಸಲೀಸು, ಯಾಕೆಂದರೆ ಕನ್ನಡದ 'ಪಿ' ಅವರ ಕಿವಿಗೆ ಮೊದಲೇ ಒಂದು ಗಟ್ಟಿ ತುಂಡು. ಹಾಗೆಯೇ ಟ್ಯಾ + ಪ್, ಕ + ಪ್. ಕೊನೆಯ ಸದ್ದು ಮಾತ್ರ ಮುಚ್ಚಿಕೊಳ್ಳಬೇಕು. 'ಕಪ್' ಮುಗಿದಾಗ ತುಟಿ ಕೂಡಿಯೇ ಇರಲಿ, 'ಪಿನ್' ಮುಗಿದಾಗ ನಾಲಿಗೆ ಮೇಲಕ್ಕೆ ಅಂಟಿಯೇ ಇರಲಿ. ಕನ್ನಡಿ ಮುಂದೆ ಕೂರಿಸಿ ಇದನ್ನು ತೋರಿಸಿ. ಇಲ್ಲದಿದ್ದರೆ ಕಪ್ಪು, ಪಿನ್ನು, ಬಸ್ಸು ಎಂದು ಕೊನೆಯಲ್ಲಿ 'ಉ' ಬಂದು ಕೂರುತ್ತದೆ. ಮಾತಿನಲ್ಲಿ 'ಬಸ್ಸು' ಅನ್ನುವುದು ನಮ್ಮ ಕನ್ನಡ, ಅದಕ್ಕೆ ಗದರಬೇಡಿ. ಇಂಗ್ಲಿಷ್ ಓದುವಾಗ ಮಾತ್ರ 'ಅಲ್ಲಿ ಇನ್ನೊಂದು ಅಕ್ಷರ ಇದೆಯಾ ನೋಡು' ಎಂದು ಬೆರಳಿಟ್ಟು ತೋರಿಸಿ.

ಅಕ್ಷರ ತೋರಿಸುವ ಮೊದಲು ಕಿವಿಯ ಆಟ ಬೇಕು. ಕಾಗದದ ಮೇಲೆ ಸಾಲಾಗಿ ಮೂರು ಚೌಕ ಬರೆಯಿರಿ, ಪಕ್ಕದಲ್ಲಿ ಹುಣಿಸೆ ಬೀಜ ಇಡಿ. ನೀವು 'ಕಪ್' ಅನ್ನಿ. ಮಗು ಒಂದೊಂದು ಸದ್ದು ಹೇಳುತ್ತಾ ಒಂದೊಂದು ಬೀಜವನ್ನು ಚೌಕಕ್ಕೆ ತಳ್ಳಲಿ: ಕ್, ಅ, ಪ್. ಆಮೇಲೆ ಬೀಜಗಳ ಕೆಳಗೆ ಬೆರಳು ಓಡಿಸುತ್ತಾ ಪೂರ್ತಿ ಪದ ಹೇಳಲಿ. 'ಶಿಪ್' ಪದಕ್ಕೂ ಮೂರೇ ಬೀಜ. ಬರೆಯುವಾಗ ನಾಲ್ಕು ಅಕ್ಷರ ಬರುತ್ತವೆ, ಸದ್ದು ಮೂರೇ. ಈ ಆಟ ಪಕ್ಕಾ ಆದ ಮೇಲೆ ಬೀಜದ ಜಾಗಕ್ಕೆ ಅಕ್ಷರದ ಚೀಟಿ ಇಡಿ. ದಿನಕ್ಕೆ ಹತ್ತು ನಿಮಿಷ ಸಾಕು: ಎರಡು ನಿಮಿಷ ಬರೀ ಕಿವಿಗೆ, ಮೂರು ನಿಮಿಷ ಕಲಿತ ಅಕ್ಷರಗಳ ಸದ್ದು, ಉಳಿದದ್ದು ಪದ.

ಇನ್ನು ವೇಗದ ವಿಷಯ. ಬ್ರಿಟನ್ನಿನ ಜಾಲಿ ಫೋನಿಕ್ಸ್ ಕ್ರಮ 'ಎಸ್, ಎ, ಟಿ, ಐ, ಪಿ, ಎನ್' ಗುಂಪಿನಿಂದ ಶುರುವಾಗಿ, ದಿನಕ್ಕೊಂದರಂತೆ 42 ಸದ್ದು ಕಲಿಸುತ್ತದೆ. ಅದು ಮನೆಯಲ್ಲಿ ಇಂಗ್ಲಿಷ್ ಕೇಳಿಯೇ ಬೆಳೆದ ಮಕ್ಕಳಿಗಾಗಿ ಹಾಕಿದ ಲೆಕ್ಕ. ಇಲ್ಲಿ ವಾರಕ್ಕೆ ಎರಡು ಅಥವಾ ಮೂರು ಸದ್ದು ಸಾಕು. ಆ ಆರು ಅಕ್ಷರ ಗಟ್ಟಿಯಾದರೆ ಪಿನ್, ಟಿನ್, ಟ್ಯಾಪ್, ಪ್ಯಾನ್, ಸಿಟ್ ಎಲ್ಲ ಓದಬಹುದು. ಓದಿದ ಪದದ ವಸ್ತುವನ್ನು ಮಗು ಕೈಯಲ್ಲಿ ಹಿಡಿದಿರಬೇಕು, ಇಲ್ಲವೇ ಅರ್ಥವನ್ನು ಕನ್ನಡದಲ್ಲಿ ಹೇಳಿಬಿಡಿ. ಅರ್ಥ ಗೊತ್ತಿಲ್ಲದ ಪದ ಸರಿಯಾಗಿ ಓದಿದೆನೋ ಇಲ್ಲವೋ ಎಂದು ತಿಳಿಯಲು ಮಗುವಿಗೆ ದಾರಿಯೇ ಇರುವುದಿಲ್ಲ.

ಮೊದಲು 'ಎ, ಬಿ, ಸಿ' ಎಂಬ ಹೆಸರು ಕಲಿಸಬೇಕೋ, ಸದ್ದೋ? ಶಾಲೆ ಒಂದು ಹೇಳುತ್ತದೆ, ಟ್ಯೂಷನ್ ಒಂದು ಹೇಳುತ್ತದೆ.
— ಹಾಸನ

ಓದಲು ಬೇಕಾಗುವುದು ಸದ್ದು. 'ಸಿ, ಎ, ಟಿ' ಎಂದು ಹೆಸರು ಸೇರಿಸಿದರೆ 'ಸಿಯೇಟಿ' ಬರುತ್ತದೆ, 'ಕ್ಯಾಟ್' ಬರುವುದಿಲ್ಲ. ಹೆಸರು ಬೇಕಾಗುವುದು ಮುಂದೆ ಸ್ಪೆಲಿಂಗ್ ಹೇಳುವಾಗ, ನಿಘಂಟು ನೋಡುವಾಗ. ಮಗುವಿಗೆ ಹೆಸರು ಈಗಾಗಲೇ ಬಂದಿದ್ದರೆ ಮರೆಸಲು ಹೋಗಬೇಡಿ. 'ಇದರ ಹೆಸರು ಎಸ್, ಇದು ಮಾಡುವ ಸದ್ದು ಸ್' ಎಂದರೆ ಮಕ್ಕಳು ಗೊಂದಲ ಮಾಡಿಕೊಳ್ಳುವುದಿಲ್ಲ. ಸಣ್ಣ ಅಕ್ಷರಗಳನ್ನು ಮೊದಲು ಕಲಿಸಿ; ಪುಸ್ತಕದ ಪುಟದಲ್ಲಿ ಕಾಣುವುದು ಹೆಚ್ಚಾಗಿ ಅವೇ. ದೊಡ್ಡಕ್ಷರಕ್ಕೆ ಮಗುವಿನ ಹೆಸರಿನ ಮೊದಲಕ್ಷರದಿಂದ ಆರಂಭಿಸಿ.

ಕನ್ನಡವನ್ನು ಬರೆದಂತೆ ಓದುತ್ತೇವೆ. ಹಾಗಿದ್ದ ಮೇಲೆ ಇದಕ್ಕೂ ಫೋನಿಕ್ಸ್ ಬೇಕೇ? ಮೊಮ್ಮಗನಿಗೆ ನಾನು ಅ ಆ ಇ ಈ ಬಾಯಿಪಾಠ ಮಾಡಿಸಿದ್ದೇನೆ. ಗಡಗಡ ಹೇಳುತ್ತಾನೆ, ಆದರೆ ನಡುವಿನಿಂದ ಒಂದು ಅಕ್ಷರ ತೋರಿಸಿದರೆ 'ಅ'ದಿಂದ ಎಣಿಸಿಕೊಂಡು ಬರುತ್ತಾನೆ.
— ನಿವೃತ್ತ ನೌಕರ, ಧಾರವಾಡ

ಅವನಿಗೆ ಬಂದಿರುವುದು ಹಾಡು, ಅಕ್ಷರವಲ್ಲ. ಹಾಡು ಇರಲಿ, ನಿಘಂಟು ನೋಡುವ ವಯಸ್ಸಿಗೆ ಕೆಲಸಕ್ಕೆ ಬರುತ್ತದೆ. ಓದು ಕಲಿಯುವುದಕ್ಕೆ ವರ್ಣಮಾಲೆಯ ಸಾಲು ಒಳ್ಳೆಯ ಸಾಲಲ್ಲ. ಅದು ಉಚ್ಚಾರಣೆಯ ಸ್ಥಾನ ನೋಡಿ ಜೋಡಿಸಿದ ವ್ಯವಸ್ಥೆ. ಕ, ಖ, ಗ, ಘ, ಙ ಐದನ್ನೂ ಕಲಿತ ಮಗು ಆ ಐದರಿಂದ ಓದಬಹುದಾದ, ತನಗೆ ಗೊತ್ತಿರುವ ಪದ ಹುಡುಕಿ ನೋಡಿ. ಸಿಗುವುದಿಲ್ಲ.

ನಮ್ಮ ಸರ್ಕಾರಿ ಶಾಲೆಗಳ ನಲಿಕಲಿ ಇದಕ್ಕೆ ಒಳ್ಳೆಯ ದಾರಿ ಹಾಕಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ ಮೊದಲ ಅಕ್ಷರಗಳು ರ, ಗ, ಸ, ದ, ಅ. ಬರೆಯಲು ಸುಲಭ, ದಿನಬಳಕೆಯಲ್ಲಿ ಧಾರಾಳ. ಐದೇ ಅಕ್ಷರಕ್ಕೆ ಸರ, ರಸ, ದರ, ಅಗಸ, ಅರಸ, ಗರಗಸ ಓದಲು ಬರುತ್ತದೆ. ಮುಂದೆ ಜ, ವ, ಮ, ಬ, ನ ಸೇರಿದರೆ ಮರ, ಜನ, ಮಗ, ನಗರ, ಬಸವ, ಅವಸರ. ಹತ್ತು ಅಕ್ಷರ ಕಲಿತ ಮಗು ಸಣ್ಣ ಸಾಲು ಓದುತ್ತದೆ. ಮೊಮ್ಮಗನಿಗೆ ಇದೇ ಕ್ರಮ ಹಿಡಿಯಿರಿ.

ಫೋನಿಕ್ಸ್ ಬೇಕೇ ಎಂಬ ಪ್ರಶ್ನೆಗೆ: ಅದರ ತತ್ವ ಬೇಕು, ಅದರ ಅಳತೆ ಬೇಡ. ಇಂಗ್ಲಿಷಿನಲ್ಲಿ ಒಡೆಯುವ ತುಂಡು ಒಂದೊಂದು ಧ್ವನಿ. ಕನ್ನಡದಲ್ಲಿ ಮೊದಲ ತುಂಡು ಅಕ್ಷರ. 'ಮರ' ಎಂಬುದನ್ನು ಐದು ವರ್ಷದ ಮಗು 'ಮ-ರ' ಎಂದು ಎರಡು ಚಪ್ಪಾಳೆಗೆ ಒಡೆಯುತ್ತದೆ. ಅದನ್ನು ಮ್-ಅ-ರ್-ಅ ಎಂದು ನಾಲ್ಕು ಮಾಡಿ ಎಂದರೆ ಸುಮ್ಮನೆ ಕಷ್ಟಕ್ಕೆ ದೂಡಿದಂತೆ. ಕನ್ನಡ ಕಲಿಯುವ ಮಕ್ಕಳಲ್ಲಿ ಅಕ್ಷರದ ಅರಿವು ಮೊದಲು ಬೆಳೆಯುತ್ತದೆ, ಬಿಡಿ ಧ್ವನಿಯ ಅರಿವು ನಿಧಾನವಾಗಿ ಬರುತ್ತದೆ ಎಂದು ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ತೋರಿಸಿದೆ. ಕೆಲವು ಖಾಸಗಿ ತರಗತಿಗಳು 'ಕನ್ನಡ ಫೋನಿಕ್ಸ್' ಎಂದು ಹೆಸರಿಟ್ಟು ಎಲ್‌ಕೆಜಿ ಮಕ್ಕಳಿಗೆ ಕ್ + ಅ = ಕ ಎಂದು ಬರೆಸುತ್ತಿವೆ. ಆ ವಯಸ್ಸಿಗೆ ಅದು ವ್ಯಾಕರಣದ ಪಾಠ, ಓದಿನ ಪಾಠವಲ್ಲ.

ಒಡೆಯುವ ಹೊತ್ತು ಬರುವುದು ಕಾಗುಣಿತದಲ್ಲಿ. 34 ವ್ಯಂಜನಕ್ಕೆ ತಲಾ 15 ರೂಪವಾದರೆ 510 ಆಯಿತು. ಇಷ್ಟನ್ನೂ ಬಾಯಿಪಾಠ ಮಾಡಿಸುವ ಬದಲು ಒಂದು ಚಿಹ್ನೆ ಹಿಡಿದು, ಕಲಿತ ಎಲ್ಲ ಅಕ್ಷರಕ್ಕೂ ಅದನ್ನು ಹಚ್ಚಿ ನೋಡಿಸಿ. ಮೊದಲ ವಾರ ಬರೀ ಇಳಿ: ರಾಜ, ದಾರ, ಮಾವ, ಸಾಗರ. ಅದು ಕಣ್ಣಿಗೆ ಹಿಡಿದ ಮೇಲೆ ಗುಡಿಸು: ನರಿ, ಮರಿ, ಗರಿ, ಬಿಸಿ. ಆಮೇಲೆ ಕೊಂಬು: ಮಗು, ನಗು. ತಲೆಕಟ್ಟು ತೆಗೆದು ಆ ಜಾಗಕ್ಕೆ ಗುಡಿಸು ಬರುವುದನ್ನು ಸ್ಲೇಟಿನ ಮೇಲೆ ಅಳಿಸಿ ಬರೆದು ತೋರಿಸಿ. ಚಿಹ್ನೆ ಬದಲಾದರೆ ಸ್ವರ ಬದಲಾಗುತ್ತದೆ ಎಂಬುದು ಮಾತಿಲ್ಲದೆ ತಿಳಿಯುತ್ತದೆ. ಬ, ಲ, ಜ, ಣ ಅಕ್ಷರಗಳಿಗೆ ತಲೆಕಟ್ಟು ಇಲ್ಲ, ಹಾಗಾಗಿ ಈ ಪ್ರದರ್ಶನಕ್ಕೆ ಗ, ರ, ಸ ಬಳಸಿ.

ಎಡವುವ ಜಾಗ ಎರಡು. ಒಂದು ದೀರ್ಘ. ಕರು–ಕಾರು, ಬಳೆ–ಬಾಳೆ, ಕೊಡು–ಕೋಡು ಇಂಥ ಜೋಡಿಗಳನ್ನು ಮೊದಲು ಕೇಳಿಸಿ, ಗಿಡ್ಡ ಸದ್ದಿಗೆ ಒಂದು ಚಿಟಿಕೆ, ಉದ್ದದ್ದಕ್ಕೆ ಕೈ ಎಳೆಯುವುದು, ಆಮೇಲೆ ಬರೆಸಿ. ಎರಡನೆಯದು ಕೊಂಬು ಕೂರುವ ಜಾಗ. ಉಳಿದ ಅಕ್ಷರಕ್ಕೆ ಪಕ್ಕದಲ್ಲಿ ಹಾಕುವಂತೆ 'ವ'ಗೂ ಹಾಕಿದರೆ 'ಮ' ಆಗಿಬಿಡುತ್ತದೆ. ಅದಕ್ಕೇ 'ವು', 'ಪು' ಎರಡಕ್ಕೂ ಕೊಂಬು ಕೆಳಗಿಳಿದಿದೆ. 'ಹೂವು' ಬರೆಯಹೋಗಿ 'ಹೂಮ' ಬರೆದ ಮಗುವಿಗೆ ಈ ಕಾರಣ ಹೇಳಿದರೆ ಒಂದೇ ಸಲಕ್ಕೆ ಸರಿಹೋಗುತ್ತದೆ.

ಇಂಗ್ಲಿಷ್ 'ಕ್ಯಾಟ್' ಪದವನ್ನು ಬರೆಯುವಾಗ ಹುಡುಗ ನಡುವೆ 'ವೈ' ಸೇರಿಸುತ್ತಾನೆ. 'ಎಗ್' ಅನ್ನುವುದನ್ನು 'ಯೆಗ್' ಅನ್ನುತ್ತಾನೆ.
— ರಾಮನಗರ

'ಆ್ಯ' ಸದ್ದಿಗೆ ಕನ್ನಡದಲ್ಲಿ ಪ್ರತ್ಯೇಕ ಅಕ್ಷರವಿಲ್ಲ, ಅದಕ್ಕೇ ಯ ಒತ್ತು ಹಾಕಿ ಬರೆಯುತ್ತೇವೆ. ಹುಡುಗ ಅದನ್ನು ನಿಜವಾದ 'ಯ್' ಎಂದು ಕೇಳಿಸಿಕೊಂಡಿದ್ದಾನೆ. ದವಡೆ ಪೂರಾ ಕೆಳಗಿಳಿಸಿ, ತುಟಿ ಅಗಲಿಸಿ 'ಆ್ಯ' ಒಂದನ್ನೇ ಎಳೆಯುವುದನ್ನು ಕನ್ನಡಿಯಲ್ಲಿ ತೋರಿಸಿ, ಆಮೇಲೆ ಕ್ ಸೇರಿಸಿ. (ಧಾರವಾಡ, ಗದಗದ ಮಕ್ಕಳಿಗೆ ಇದು ಹುಟ್ಟಿನಿಂದಲೇ ಇದೆ: ಬ್ಯಾಡ, ಮ್ಯಾಲ, ಬ್ಯಾಸರ. ಅಲ್ಲಿನ ಶಿಕ್ಷಕರು ಈ ಪದಗಳಿಂದಲೇ ಶುರು ಮಾಡಬಹುದು.) 'ಯೆಗ್' ಕೂಡ ಹೀಗೆಯೇ, ನಮ್ಮ ಮಾತಿನಲ್ಲಿ 'ಎಲ್ಲಿ' ಎಂಬುದು 'ಯೆಲ್ಲಿ' ಆಗುತ್ತದೆ. ಬಾಯಿ ಮೊದಲೇ ತೆರೆದು ಇಟ್ಟುಕೊಂಡು ಪದ ಶುರು ಮಾಡಿದರೆ 'ಯ್' ಬರುವುದಿಲ್ಲ. 'ವಿ' ಮತ್ತು 'ಡಬ್ಲ್ಯೂ' ಎರಡಕ್ಕೂ ನಮಗೆ ಒಂದೇ 'ವ'. 'ವಿ'ಗೆ ಮೇಲಿನ ಹಲ್ಲು ಕೆಳತುಟಿ ಮುಟ್ಟಬೇಕು, 'ಡಬ್ಲ್ಯೂ'ಗೆ ತುಟಿ ಗುಂಡಗಾಗಬೇಕು. ಉಚ್ಚಾರದಲ್ಲಿ ಅಷ್ಟು ಶುದ್ಧ ಬರದಿದ್ದರೂ ನಡೆಯುತ್ತದೆ, ಸ್ಪೆಲಿಂಗ್ ಬೇರೆ ಎಂಬುದು ತಿಳಿದಿದ್ದರೆ ಸಾಕು.

ಮೂರನೇ ತರಗತಿ ಮಕ್ಕಳು. ಒತ್ತಕ್ಷರ ಬಂದರೆ ನಿಂತುಬಿಡುತ್ತಾರೆ. 'ರಸ್ತೆ' ಅಂದರೆ 'ರಸೆತ', 'ಸೂರ್ಯ' ಅಂದರೆ 'ಸೂಯರ'. ಉಕ್ತಲೇಖನದಲ್ಲಿ ಒತ್ತನ್ನೇ ಬಿಡುತ್ತಾರೆ.
— ಶಿಕ್ಷಕಿ, ಕಲಬುರಗಿ ಜಿಲ್ಲೆ

ಕನ್ನಡ ಬರೆದಂತೆ ಓದುವ ಭಾಷೆ ಎಂಬ ಮಾತು ಮಗುವಿನ ಮಟ್ಟಿಗೆ ಸುಳ್ಳಾಗುವುದು ಇಲ್ಲೇ. 'ರಸ್ತೆ' ಪದವನ್ನು ಹತ್ತಿರದಿಂದ ನೋಡಿ. ಎತ್ವ ಕೂತಿರುವುದು ಮೇಲಿನ 'ಸ' ಮೇಲೆ, 'ತ' ಇರುವುದು ಕೆಳಗೆ. ಕಣ್ಣು ಕಂಡ ಕ್ರಮದಲ್ಲಿ ಓದಿದರೆ 'ಸೆ' ಮೊದಲು, 'ತ' ಆಮೇಲೆ. ಬಾಯಿ ಹೇಳಬೇಕಾದ್ದು 'ಸ್' ಮೊದಲು, 'ತೆ' ಆಮೇಲೆ. ಮಗು ಕಂಡದ್ದನ್ನೇ ಪ್ರಾಮಾಣಿಕವಾಗಿ ಓದಿದೆ. ಹೇಳಿಕೊಡಬೇಕಾದ ನಿಯಮ ಒಂದೇ: ಮೇಲಿನದು ಅರ್ಧ, ಕೆಳಗಿನದು ಪೂರ್ತಿ, ಚಿಹ್ನೆ ಕೆಳಗಿನದರ ಪಾಲು. ಬೋರ್ಡಿನ ಮೇಲೆ ಮೇಲಿನ ಅಕ್ಷರ ಬಿಳಿ ಸೀಮೆಸುಣ್ಣದಲ್ಲಿ, ಒತ್ತು ಮತ್ತು ಸ್ವರಚಿಹ್ನೆ ಎರಡನ್ನೂ ಕೆಂಪಿನಲ್ಲಿ ಬರೆಯಿರಿ. ಕೆಂಪು ಕೆಂಪು ಸೇರಿ 'ತೆ'. ವಾರ ಹತ್ತು ದಿನ ಹೀಗೆ ಬರೆದು, ನಂತರ ಒಂದೇ ಬಣ್ಣಕ್ಕೆ ಬನ್ನಿ.

ಆದರೆ 'ರಸ್ತೆ'ಯಿಂದ ಶುರು ಮಾಡಬೇಡಿ. ಮೊದಲು ಸಜಾತೀಯ ಒತ್ತು: ಅಕ್ಕ, ಅಪ್ಪ, ಅಜ್ಜ, ಬೆಲ್ಲ, ಬೆಕ್ಕು. ಕಿವಿಗೆ ವ್ಯತ್ಯಾಸ ಕೇಳಬೇಕೆಂದರೆ ನಲಿ–ನಲ್ಲಿ, ಕಡಿ–ಕಡ್ಡಿ, ಬಳಿ–ಬಳ್ಳಿ ಜೋಡಿಗಳನ್ನು ಹೇಳಿ. ಒತ್ತು ಕೇಳಿದಾಗ ಮಕ್ಕಳು ಮುಷ್ಟಿ ಬಿಗಿಹಿಡಿಯಲಿ. ಉಕ್ತಲೇಖನದಲ್ಲಿ ಒತ್ತು ಬಿಡುವ ಮಗುವಿಗೆ ಹೆಚ್ಚಾಗಿ ಆ ತಡೆ ಕಿವಿಗೇ ಬಿದ್ದಿರುವುದಿಲ್ಲ. ಕೈ ತಿದ್ದಿಸಿದರೆ ಪ್ರಯೋಜನವಿಲ್ಲ, ಕಿವಿ ತಿದ್ದಬೇಕು.

ನಂತರ ಒತ್ತಿನ ಆಕಾರ. ಬಹುಪಾಲು ಒತ್ತುಗಳು ಮೂಲ ಅಕ್ಷರದ ಚಿಕ್ಕ ರೂಪವೇ, ತಲೆಕಟ್ಟು ಇರುವುದಿಲ್ಲ ಅಷ್ಟೆ. ಗುರುತೇ ಸಿಗದಷ್ಟು ಬೇರೆಯಾಗಿರುವುದು ತ, ನ, ಮ, ಯ, ರ, ಲ ಈ ಆರರ ಒತ್ತು. ಈ ಆರಕ್ಕೆ ಪ್ರತ್ಯೇಕ ಚೀಟಿ ಮಾಡಿ ಗೋಡೆಗೆ ಅಂಟಿಸಿ: ಅತ್ತೆ, ಅನ್ನ, ಅಮ್ಮ, ವಾಕ್ಯ, ಚಕ್ರ, ಎಲ್ಲ. ಮೂವತ್ತನಾಲ್ಕನ್ನೂ ಒಟ್ಟಿಗೆ ಪಟ್ಟಿ ಮಾಡಿ ಹಾಕಿದ ಚಾರ್ಟ್ ಮಕ್ಕಳು ನೋಡುವುದಿಲ್ಲ. ಆಮೇಲೆ ವಿಜಾತೀಯ: ಪುಸ್ತಕ, ಶಬ್ದ, ಚಂದ್ರ, ರಸ್ತೆ.

ಅರ್ಕಾವತ್ತು ಕೊನೆಗೆ. ಅದು ಉಳಿದವಕ್ಕೆ ಪೂರಾ ಉಲ್ಟಾ: ಬರೆಯುವುದು ಅಕ್ಷರದ ನಂತರ, ಹೇಳುವುದು ಅಕ್ಷರಕ್ಕೆ ಮೊದಲು. ಒತ್ತಕ್ಷರದ ನಿಯಮ ಕಲಿಸಿದ ಅದೇ ವಾರ ಇದನ್ನೂ ಹೇಳಿದರೆ ಎರಡೂ ಕಲಸುತ್ತವೆ. ಕನಿಷ್ಠ ಎರಡು ವಾರ ಬಿಟ್ಟು, ಸೂರ್ಯ, ಕಾರ್ಯ, ವರ್ಷ, ಅರ್ಧ ಇಷ್ಟನ್ನೇ ತೆಗೆದುಕೊಳ್ಳಿ. ಅರ್ಕಾವತ್ತಿನಿಂದ ಹಿಂದಿನ ಅಕ್ಷರದ ಮುಂಭಾಗಕ್ಕೆ ಒಂದು ಬಾಣ ಎಳೆದು 'ಇದು ಹಾರಿ ಮುಂದೆ ಬರುತ್ತದೆ' ಎಂದು ತೋರಿಸಿ. ಬರವಣಿಗೆಯಲ್ಲಿ 'ರ' ಬರೆದು ಕೆಳಗೆ ಯ ಒತ್ತು ಕೊಟ್ಟ ಮಗುವಿಗೆ ತಪ್ಪು ಹಾಕಬೇಡಿ. ಆ ರೂಪದ ಹಿಂದೆ ಸರಿಯಾದ ಧ್ವನಿಜ್ಞಾನವಿದೆ.

ಉಕ್ತಲೇಖನಕ್ಕೆ ದಿನಕ್ಕೆ ಐದು ಪದ ಸಾಕು, ಇಪ್ಪತ್ತು ಬೇಡ. ತಿದ್ದುವಾಗ ತಪ್ಪುಗಳನ್ನು ಎಣಿಸುವ ಬದಲು ಬಗೆ ನೋಡಿ: ಒತ್ತು ಬಿಟ್ಟದ್ದು, ದೀರ್ಘ ಬಿಟ್ಟದ್ದು, ಬೇರೆ ಅಕ್ಷರ ಬರೆದದ್ದು. ತರಗತಿಯ ಅರ್ಧ ಮಕ್ಕಳು ಒಂದೇ ಬಗೆಯ ತಪ್ಪು ಮಾಡಿದ್ದರೆ ಮರುದಿನದ ಪಾಠ ಯಾವುದು ಎಂದು ಯಾರನ್ನೂ ಕೇಳಬೇಕಿಲ್ಲ.

ಒಂದನೇ ಕ್ಲಾಸಿನ ಮಗ 'ಹಕ್ಕಿ'ಗೆ 'ಅಕ್ಕಿ', 'ಹಾಡು'ಗೆ 'ಆಡು' ಬರೆಯುತ್ತಾನೆ. ಮನೆಯಲ್ಲಿ ನಾವೂ ಹಾಗೇ ಮಾತಾಡುತ್ತೇವೆ. ನಮ್ಮ ಮಾತು ಬದಲಿಸಿಕೊಳ್ಳಬೇಕೇ?
— ಮಂಡ್ಯ ತಾಲ್ಲೂಕು

ಬೇಡ. ನಿಮ್ಮ ಮನೆಮಾತು ತಪ್ಪಲ್ಲ. ಮಗ ತನ್ನ ಕಿವಿಗೆ ಕೇಳಿದ್ದನ್ನು ಬರೆಯುತ್ತಿದ್ದಾನೆ, ಅಂದರೆ ಸದ್ದಿಗೂ ಅಕ್ಷರಕ್ಕೂ ನಂಟು ಅವನಿಗೆ ತಿಳಿದಿದೆ. ಅದು ಒಳ್ಳೆಯ ಸೂಚನೆ. 'ನಾವು ಹೀಗೆ ಮಾತಾಡುತ್ತೇವೆ, ಪುಸ್ತಕದಲ್ಲಿ ಹೀಗೆ ಬರೆಯುತ್ತಾರೆ' ಎಂದು ಎರಡನ್ನೂ ಹೇಳಿ. ಅಂಗೈಯನ್ನು ಬಾಯಿ ಮುಂದೆ ಹಿಡಿದು 'ಹಕ್ಕಿ' ಅಂದರೆ ಉಸಿರು ತಾಗುತ್ತದೆ, 'ಅಕ್ಕಿ' ಅಂದರೆ ತಾಗುವುದಿಲ್ಲ. ಹಾಡು–ಆಡು, ಹಾರು–ಆರು, ಹೇಳು–ಏಳು ಜೋಡಿಗಳಿಗೆ ಚಿತ್ರ ಬರೆದು ಆಟ ಆಡಿಸಿ. ಬೈದು ತಿದ್ದಿದರೆ ಏನಾಗುತ್ತದೆ ಗೊತ್ತೇ? ಮಗು ಹೆದರಿ ಎಲ್ಲ ಕಡೆ 'ಹ' ಹಾಕಲು ಶುರು ಮಾಡುತ್ತದೆ: ಹಮ್ಮ, ಹೆಲೆ, ಹಾನೆ. ಆಮೇಲೆ ಅದನ್ನು ಬಿಡಿಸುವುದು ಇನ್ನೂ ಕಷ್ಟ. ಶ–ಸ, ಳ–ಲ, ಣ–ನ ಗೊಂದಲಕ್ಕೂ ಇದೇ ಮಾತು ಅನ್ವಯಿಸುತ್ತದೆ. ಮಹಾಪ್ರಾಣಗಳನ್ನು ಒಂದನೇ ತರಗತಿಯ ಕೊನೆಯವರೆಗೂ ಮುಂದೂಡಬಹುದು. ಮಾತಿನಲ್ಲಿ ಕಿವಿಗೆ ಬೀಳುವುದೇ ಅಪರೂಪವಾದ ಸದ್ದನ್ನು ಸದ್ದಿನಿಂದ ಕಲಿಸಲಾಗುವುದಿಲ್ಲ. ಖಾರ, ಭೂಮಿ, ಫಲ ಹೀಗೆ ಪದವಾಗಿಯೇ ಕಣ್ಣಿಗೆ ಕಲಿಸಬೇಕು.

ಫೋನಿಕ್ಸ್ ಪ್ರಕಾರ ಓದಿದರೆ 'ಸೆಡ್', 'ವಾಸ್', 'ದ' ಇಂಥ ಪದಗಳು ಬರುವುದೇ ಇಲ್ಲ. ಹಾಗಾದರೆ ಕಲಿತು ಏನು ಲಾಭ?
— ಶಿವಮೊಗ್ಗ

ಇಂಥ ಪದಗಳೂ ಪೂರಾ ಅಡ್ಡಾದಿಡ್ಡಿ ಅಲ್ಲ. 'ಸೆಡ್' ಪದದ ಮೊದಲ ಸದ್ದು, ಕೊನೆಯ ಸದ್ದು ಎರಡೂ ನಿಯಮದಂತೆಯೇ ಇವೆ. ಮೋಸ ಮಾಡುವುದು ನಡುವಿನ 'ಎ-ಐ' ಮಾತ್ರ. ಪದ ಬರೆದು ಆ ಭಾಗದ ಕೆಳಗೆ ಗೆರೆ ಎಳೆದು 'ಇಷ್ಟನ್ನು ಮಾತ್ರ ನೆನಪಿಡು' ಅನ್ನಿ. ವಾರಕ್ಕೆ ಇಂಥ ಎರಡು ಪದ ಸಾಕು. ಉಳಿದ ಕ್ರಮ ಹೀಗಿರಲಿ: ಮೂರು ಸದ್ದಿನ ಪದ, ನಂತರ ಎರಡು ಅಕ್ಷರ ಸೇರಿ ಒಂದು ಸದ್ದಾಗುವ 'ಎಸ್-ಎಚ್', 'ಸಿ-ಎಚ್', 'ಟಿ-ಎಚ್', 'ಸಿ-ಕೆ', ಆಮೇಲೆ 'ಸ್ಟಾಪ್', 'ಹ್ಯಾಂಡ್' ತರಹದ ಜೋಡುವ್ಯಂಜನ, ಅದಾದ ಮೇಲೆ ದೀರ್ಘಸ್ವರ ಮತ್ತು ಕೊನೆಯಲ್ಲಿ ಸುಮ್ಮನಿರುವ 'ಇ'. ಎರಡು ವರ್ಷದ ಕೆಲಸ ಇದು, ಒಂದು ಬೇಸಿಗೆ ರಜೆಯದಲ್ಲ.

ಮಗು ನಿಜಕ್ಕೂ ಓದುತ್ತಿದೆಯೋ, ಪುಟ ಬಾಯಿಪಾಠ ಮಾಡಿ ಒಪ್ಪಿಸುತ್ತಿದೆಯೋ ತಿಳಿಯಲು ಒಂದು ಉಪಾಯ ಇಂಗ್ಲೆಂಡಿನಲ್ಲಿದೆ. ಅಲ್ಲಿ 2012ರಿಂದ 'ಇಯರ್ ಒನ್' ತರಗತಿಯ ಮಕ್ಕಳಿಗೆ 40 ಪದ ಓದಿಸುತ್ತಾರೆ, ಅದರಲ್ಲಿ 20 ಅರ್ಥವೇ ಇಲ್ಲದ, ಸುಮ್ಮನೆ ಕಟ್ಟಿದ ಪದಗಳು. 'ಟಿಬ್', 'ನೆಪ್', 'ಪಿಮ್' ಹೀಗೆ ಕಲಿತ ಸದ್ದಿನಿಂದ ನೀವೇ ನಾಲ್ಕೈದು ಕಟ್ಟಿ, ಭೂತದ ಹೆಸರು ಎಂದು ಹೇಳಿ ಓದಿಸಿ. ನಮ್ಮ ಮಕ್ಕಳಿಗೆ ಇಂಗ್ಲಿಷಿನ ಅರ್ಧ ಪದಗಳು ಹೇಗೂ ಭೂತದ ಹೆಸರೇ. ಚಿತ್ರ ಮುಚ್ಚಿ ಓದಿಸುವುದೂ ಒಳ್ಳೆಯದು. ಮೊದಲಕ್ಷರ ನೋಡಿ, ಚಿತ್ರ ನೋಡಿ ಊಹಿಸುವ ಅಭ್ಯಾಸ ಒಂದನೇ ತರಗತಿಯಲ್ಲಿ ಜಾಣತನದಂತೆ ಕಾಣುತ್ತದೆ, ಚಿತ್ರವಿಲ್ಲದ ಪುಸ್ತಕ ಬಂದಾಗ ಕೈಕೊಡುತ್ತದೆ.

ಮೂರು ವರ್ಷದ ಮಗುವಿಗೆ ಪೆನ್ಸಿಲ್ ಹಿಡಿಸಿ ಪುಟಗಟ್ಟಲೆ ಬರೆಸಲು ಹೇಳುತ್ತಾರೆ.
— ಬೆಂಗಳೂರು

ಬೇಡ. ಕೈಬೆರಳು ಅದಕ್ಕಿನ್ನೂ ತಯಾರಿರುವುದಿಲ್ಲ. ಚಪಾತಿ ಹಿಟ್ಟು ನಾದುವುದು, ಬಟಾಣಿ ಸುಲಿಯುವುದು, ಮಣಿ ಪೋಣಿಸುವುದು ಮಾಡಿಸಿ. ತಟ್ಟೆಯಲ್ಲಿ ರವೆ ಹರಡಿ ತೋರುಬೆರಳಿನಿಂದ ನಿಂತ ಗೆರೆ, ಮಲಗಿದ ಗೆರೆ, ಸೊನ್ನೆ. ಕನ್ನಡ ಅಕ್ಷರ ಹೆಚ್ಚಾಗಿ ಗುಂಡು, ಸೊನ್ನೆ ಸುತ್ತಲು ಬಂದ ಕೈಗೆ 'ರ' ತಾನಾಗಿ ಬರುತ್ತದೆ. ನಾಲ್ಕು ದಾಟಿದ ಮೇಲೆ ಸ್ಲೇಟು ಬಳಪ. ಕ್ರೇಯಾನ್ ಕೊಡುವುದಾದರೆ ಎರಡು ಸೆಂಟಿಮೀಟರಿನಷ್ಟು ಮುರಿದು ಕೊಡಿ. ತುಂಡು ಚಿಕ್ಕದಾದರೆ ಮುಷ್ಟಿಯಲ್ಲಿ ಹಿಡಿಯಲಾಗದು, ಮೂರು ಬೆರಳಿನ ಹಿಡಿತ ತಾನೇ ಬರುತ್ತದೆ.

ಆರು ವರ್ಷದ ಮಗಳು 'ಬಿ' ಮತ್ತು 'ಡಿ' ಅದಲುಬದಲು ಬರೆಯುತ್ತಾಳೆ. ಡಿಸ್ಲೆಕ್ಸಿಯಾ (ಓದು ಬರಹ ಕಲಿಯುವಲ್ಲಿನ ತೊಡಕು) ಇರಬಹುದು ಎಂದು ಯಾರೋ ಹೆದರಿಸಿದರು.
— ಉಡುಪಿ

ಆರು ವರ್ಷಕ್ಕೆ ಇದು ಮಾಮೂಲು. ಏಳರವರೆಗೂ ಕಾಯಬಹುದು. ಎರಡನ್ನೂ ಒಂದೇ ವಾರ ಕಲಿಸಿದ್ದರೆ ಗೊಂದಲ ಸಹಜ. ಒಂದು ಪೂರಾ ಗಟ್ಟಿಯಾದ ಮೇಲೆ ಇನ್ನೊಂದು ತೆಗೆದುಕೊಳ್ಳಿ, ಬರೆಯುವ ಆರಂಭವೂ ಬೇರೆ ಇರಲಿ: 'ಬಿ'ಗೆ ಮೊದಲು ನಿಂತ ಗೆರೆ ಆಮೇಲೆ ಹೊಟ್ಟೆ, 'ಡಿ'ಗೆ ಮೊದಲು 'ಸಿ' ಬರೆದು ಆಮೇಲೆ ಗೆರೆ.

ನಿಜವಾಗಿ ಗಮನಿಸಬೇಕಾದ್ದು ಬೇರೆ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕ್ರಮವಾಗಿ ಕಲಿಸಿಯೂ ಎರಡನೇ ತರಗತಿ ಮುಗಿಯುವ ಹೊತ್ತಿಗೆ ಎರಡಕ್ಷರದ ಸರಳ ಪದಗಳಿಗೂ ತಡವರಿಸುವುದು, ನಿನ್ನೆ ಓದಿದ ಅಕ್ಷರ ಇಂದು ಹೊಸದೆಂಬಂತೆ ನೋಡುವುದು, ಪ್ರಾಸ ಗುರುತಿಸಲು ಆಗದಿರುವುದು, ಮಾತು ತಡವಾಗಿ ಬಂದಿರುವುದು. ಇವು ಒಟ್ಟಿಗೆ ಕಂಡರೆ ಮೊದಲು ಕಿವಿ ಮತ್ತು ಕಣ್ಣಿನ ಪರೀಕ್ಷೆ ಮಾಡಿಸಿ. ಆಗಾಗ ಶೀತವಾಗಿ ಕಿವಿ ಕಟ್ಟಿಕೊಳ್ಳುವ ಮಗುವಿಗೆ ಸ್, ಫ್, ತ್ ಕೇಳುವುದೇ ಕಡಿಮೆ ಇರಬಹುದು. ಆಮೇಲೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ತೋರಿಸಬಹುದು. ಡಿಸ್ಲೆಕ್ಸಿಯಾದಂಥ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದೆ. ತಪಾಸಣೆಯನ್ನು ಮಗುವಿನ ಮಾತೃಭಾಷೆಯಲ್ಲೂ ಮಾಡಿಸಿ. ಇಂಗ್ಲಿಷಿನಲ್ಲಿ ಮಾತ್ರ ತೊಂದರೆಯಿದ್ದು ಕನ್ನಡ ಸರಾಗವಾಗಿ ಓದುವ ಮಗುವಿಗೆ ಹೆಚ್ಚಾಗಿ ಬೇಕಿರುವುದು ಇಂಗ್ಲಿಷ್ ಕೇಳುವ ಅವಕಾಶ.

ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಏಳು ವರ್ಷದ ಮಗ ಇಂಗ್ಲಿಷ್ ಚೆನ್ನಾಗಿ ಓದುತ್ತಾನೆ. ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಎಲ್ಲಿಂದ ಶುರು ಮಾಡೋಣ?

ನಿಮ್ಮ ಮಗನಿಗೆ ಮೇಲೆ ಧಾರವಾಡದ ಹಿರಿಯರಿಗೆ ಹೇಳಿದ್ದು ಉಲ್ಟಾ ಅನ್ವಯಿಸುತ್ತದೆ. ಬಿಡಿ ಧ್ವನಿ ಒಡೆಯುವುದು ಅವನಿಗೆ ಗೊತ್ತು. ಹಾಗಾಗಿ ಸ್ + ಅ = ಸ, ಸ್ + ಇ = ಸಿ ಎಂದು ನೇರವಾಗಿ ಹೇಳಬಹುದು, ಕಾಗುಣಿತ ಬೇಗ ಹತ್ತುತ್ತದೆ. ಅಕ್ಷರಗಳ ಕ್ರಮ ಮಾತ್ರ ಅದೇ ರ, ಗ, ಸ, ದ, ಅ ಇರಲಿ. ಅವನಿಗೆ ತೊಡಕಾಗುವುದು ಕಿವಿಯಲ್ಲಿ: ತ–ಟ, ದ–ಡ, ನ–ಣ, ಲ–ಳ. ಹಲ್ಲಿಗೆ ನಾಲಿಗೆ ತಾಗಿಸಿದರೆ 'ತ', ನಾಲಿಗೆ ಮಡಿಸಿದರೆ 'ಟ'. ತಟ್ಟೆ, ದಡ, ಲಾಳ ಇಂಥ ಎರಡೂ ಇರುವ ಪದಗಳು ಒಳ್ಳೆಯ ಅಭ್ಯಾಸ. ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಬರೆದು ಓದಿಸಬೇಡಿ. ಅಲ್ಲಿ 'ಮರ'ಕ್ಕೂ 'ಮಾರ'ಕ್ಕೂ ಸಾಮಾನ್ಯವಾಗಿ ಒಂದೇ ಸ್ಪೆಲಿಂಗ್, ದೀರ್ಘದ ಅರಿವೇ ಬೆಳೆಯುವುದಿಲ್ಲ. ದಿನಕ್ಕೆ ಹತ್ತು ನಿಮಿಷ, ವಾರದ ಕೊನೆಗೆ ನಾಲ್ಕು ಸಾಲು ಓದಿ ಧ್ವನಿಮುದ್ರಿಸಿ ಊರಿನ ಅಜ್ಜಿಗೆ ವಾಟ್ಸಾಪ್ ಮಾಡಲಿ. ಅಜ್ಜಿ ವಾಪಸ್ ಕಳಿಸುವುದು ಎರಡೇ ಸಾಲಿನ ಕೈಬರಹದ ಫೋಟೊ ಆಗಿರಲಿ, ಅಕ್ಷರ ಬಿಡಿಬಿಡಿಯಾಗಿ ಬರೆಯಲು ಹೇಳಿ. ಮೋಡಿ ಬರಹ ಅವನಿಗೆ ಓದಲಾಗದು.